ಶಿಲುಬೆ ಹೊರಬೇಕಾದವಳು ಅವಳೊಬ್ಬಳೇ?

ಗಂಡನ ಕೈಯಲ್ಲಿ ಏಟು ತಿಂದ ಕಥೋಲಿಕ ಹೆಣ್ಣುಮಗಳು ಮೊದಲು ಪೊಲೀಸ್ ಠಾಣೆಗೆ ಹೋಗುವುದಿಲ್ಲ. ವಕೀಲರ ಬಳಿಗೂ ಹೋಗುವುದಿಲ್ಲ. ತವರಿಗೆ ಹೋಗುತ್ತಾಳೆ, ಅಲ್ಲಿಂದ ಅಮ್ಮನ ಜೊತೆ ಚರ್ಚಿನ ಫಾದರ್ ಬಳಿಗೆ ಹೋಗುತ್ತಾಳೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅವಳ ಮದುವೆ ಮಾಡಿಸಿದ್ದು ಚರ್ಚು, ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟಿದ್ದು ಚರ್ಚು. ಗಂಡನನ್ನು ಕರೆಸಿ ಕೂರಿಸಿ ಮಾತಾಡುವ ಅಧಿಕಾರ ಊರಲ್ಲಿ ಇರುವುದೂ ಅವರೊಬ್ಬರಿಗೇ. ಹೀಗಾಗಿ ಆ ಬಾಗಿಲಲ್ಲಿ ಅವಳಿಗೆ ಸಿಗುವ ಮಾತು ಅವಳ ಮುಂದಿನ ಹತ್ತು ವರ್ಷಗಳನ್ನು ನಿರ್ಧರಿಸುತ್ತದೆ. ಕೆಲವೊಮ್ಮೆ ಅವಳ ಜೀವವನ್ನೇ ನಿರ್ಧರಿಸುತ್ತದೆ.

ಆ ಬಾಗಿಲಲ್ಲಿ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಫಾದರ್ ಗಂಡನನ್ನು ಕರೆಸುತ್ತಾರೆ. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ತಲೆ ತಗ್ಗಿಸಿ ಕೂರುತ್ತಾನೆ. ಇಬ್ಬರಿಗೂ ಸಮನಾಗಿ ಬುದ್ಧಿವಾದ ನಡೆಯುತ್ತದೆ. ಹೊಡೆದವನಿಗೆ ಕುಡಿತ ಬಿಡು ಎಂದು, ಹೊಡೆಸಿಕೊಂಡವಳಿಗೆ ಬಾಯಿ ಬಿಗಿಹಿಡಿ ಎಂದು. ದಿನಾ ಸಂಜೆ ಜೊತೆಯಾಗಿ ಜಪಸರ ಹೇಳಿ, ಪ್ರಾರ್ಥಿಸುವ ಕುಟುಂಬ ಒಡೆಯುವುದಿಲ್ಲ ಎಂಬ ಮಾತು ಬರುತ್ತದೆ. ಕೊನೆಗೆ ಅವಳನ್ನೊಬ್ಬಳನ್ನೇ ಕರೆದು, ಇದು ನಿನ್ನ ಪಾಲಿನ ಶಿಲುಬೆ ಮಗಳೇ, ದೇವರಿಗೆ ಒಪ್ಪಿಸು ಎನ್ನುತ್ತಾರೆ. ಅವಳು ಮನೆಗೆ ಹೋಗುತ್ತಾಳೆ. ಆ ರಾತ್ರಿ ಫಾದರ್‌ಗೆ ಚಾಡಿ ಹೇಳಿದ್ದಕ್ಕೂ ಸೇರಿಸಿ ಏಟು ಬೀಳುತ್ತದೆ.

ಎಲ್ಲರೂ ಹೀಗೆಯೇ ಎನ್ನುತ್ತಿಲ್ಲ. ಗಾಯಗೊಂಡವಳನ್ನು ತಮ್ಮದೇ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದು, ಠಾಣೆಯಲ್ಲಿ ಪಕ್ಕದಲ್ಲೇ ನಿಂತು ದೂರು ಬರೆಸುವ ಗುರುಗಳೂ ಇದ್ದಾರೆ. ಆದರೆ ಒಬ್ಬ ಹೆಣ್ಣುಮಗಳ ಉಳಿವು ಆ ವರ್ಷ ಅವಳ ಊರಿಗೆ ವರ್ಗವಾಗಿ ಬಂದ ಗುರುಗಳ ಸ್ವಭಾವದ ಮೇಲೆ ನಿಲ್ಲಬೇಕೇ? ನಮ್ಮ ಪ್ರಶ್ನೆ ಇಷ್ಟೇ, ಮತ್ತು ಅದು ಫಾದರ್‌ಗಿಂತ ಮೇಲಿನವರಿಗೆ.

ಈ ಸಂಪಾದಕೀಯ ಬರೆಯುತ್ತಿರುವವಳು ಕಥೋಲಿಕಳು. ಗುರುಪಟ್ಟವಾಗಲಿ ಸನ್ಯಾಸ ದೀಕ್ಷೆಯಾಗಲಿ ಇಲ್ಲದ, ಭಾನುವಾರದ ಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಸಾಮಾನ್ಯ ಸದಸ್ಯೆ. ಚರ್ಚು ಬಿಟ್ಟು ಹೊರಗೆ ನಿಂತು ಕಲ್ಲು ಎಸೆಯುವ ಉದ್ದೇಶ ನನಗಿಲ್ಲ. ಮನೆಯ ಮಾತನ್ನು ಬೀದಿಗೆ ತರಬೇಡ ಎಂದು ನನಗೆ ಹೇಳಿದವರು ಗಂಡಸರು ಮಾತ್ರವಲ್ಲ. ಅವರ ಭಯ ಸುಳ್ಳೂ ಅಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದದ್ದನ್ನು, ಅದಕ್ಕೆ ಕೆಲವು ವಾರ ಮುಂಚೆ ಒಡಿಶಾದ ಕಂಧಮಾಲ್ ಹೊತ್ತಿ ಉರಿದದ್ದನ್ನು ನಾವು ಮರೆತಿಲ್ಲ. ಅಲ್ಪಸಂಖ್ಯಾತರ ಮನೆಯ ಬಿರುಕು ಕಂಡರೆ ಅದರೊಳಗೆ ಹಾರೆ ಹಾಕಲು ಕಾದಿರುವವರಿದ್ದಾರೆ. ಆದರೆ ಸಮುದಾಯದ ಮಾನ ಕಾಯುವ ಕೆಲಸ ಪ್ರತಿ ಸಲವೂ ಹೆಣ್ಣಿನ ಬಾಯಿ ಮುಚ್ಚಿಸುವುದರಿಂದಲೇ ಶುರುವಾಗುತ್ತದಲ್ಲ, ಅದಕ್ಕೆ ನನ್ನ ತಕರಾರು. ಶಾಬಾನು ಪ್ರಕರಣದ ಕಾಲದಿಂದಲೂ ಮಹಿಳಾ ಚಳವಳಿ ಈ ಇಕ್ಕಟ್ಟನ್ನು ಎದುರಿಸುತ್ತಲೇ ಬಂದಿದೆ. ಈಗ ನಮ್ಮ ಸರದಿ.

ಸಹನೆಯ ಪಾಠ ನಮಗೆ ಎಲ್ಲಿಂದ ಬಂತು ಎಂದು ನೋಡೋಣ. ಸಂತ ಮೋನಿಕಮ್ಮನವರನ್ನು ಕಥೋಲಿಕ ಹೆಂಡತಿಯರಿಗೆ ಮಾದರಿಯಾಗಿ ತೋರಿಸುತ್ತಾರೆ. ಆಕೆಯ ಮಗ ಸಂತ ಅಗಸ್ಟೀನರು ತಮ್ಮ ಆತ್ಮಕಥೆಯ ಒಂಬತ್ತನೆಯ ಭಾಗದಲ್ಲಿ ತಾಯಿಯ ದಾಂಪತ್ಯದ ಬಗ್ಗೆ ಬರೆದಿದ್ದಾರೆ. ತಂದೆ ಮುಂಗೋಪಿ. ಊರಿನ ಇತರ ಹೆಂಗಸರು ಮುಖದ ಮೇಲೆ ಏಟಿನ ಗುರುತು ಹೊತ್ತು ಬಂದು ಗಂಡಂದಿರನ್ನು ದೂರಿದಾಗ, ಮದುವೆಯ ಕರಾರು ಓದಿದ ದಿನದಿಂದಲೇ ನೀವು ದಾಸಿಯರಾದಿರಿ ಎಂದು ಮೋನಿಕಾ ಅರ್ಧ ತಮಾಷೆಯಾಗಿ, ಅರ್ಧ ನಿಜವಾಗಿ ನೆನಪಿಸುತ್ತಿದ್ದರಂತೆ. ಮಗ ಇದನ್ನು ತಾಯಿಯ ಜಾಣತನವೆಂದೇ ಹೊಗಳುತ್ತಾನೆ. ಇದು ನಾಲ್ಕನೆಯ ಶತಮಾನದ ಆಫ್ರಿಕಾದ ಕಥೆ. ಕ್ರೂರಿ ಗಂಡನನ್ನು ಪ್ರಾರ್ಥನೆಯಿಂದಲೇ ತಿದ್ದಿದಳೆಂದು ಹೇಳುವ ಕಾಶಿಯಾದ ಸಂತ ರೀತಾ ಹದಿನೈದನೆಯ ಶತಮಾನದವಳು. ಶೀಲಕ್ಕಾಗಿ ಪ್ರಾಣ ಕೊಟ್ಟಳೆಂದು, ಕೊಂದವನನ್ನು ಸಾಯುವಾಗ ಕ್ಷಮಿಸಿದಳೆಂದು 1950ರಲ್ಲಿ ಸಂತಪದವಿಗೇರಿದ ಮರಿಯಾ ಗೊರೆಟ್ಟಿ 1902ರಲ್ಲಿ ಸತ್ತಾಗ ಹನ್ನೊಂದು ವರ್ಷದ ಹುಡುಗಿ. ಈ ಮೂವರ ಬದುಕೂ ನೋವಿನದು, ನನಗೆ ಅವರ ಮೇಲೆ ಗೌರವವಿದೆ. ಆದರೆ ಅವರ ಕಥೆಯನ್ನು ಆರಿಸಿ, ಒಂದೇ ಮಗ್ಗುಲಿನಿಂದ ಹೇಳಿ, ಧರ್ಮೋಪದೇಶದ ತರಗತಿಯಲ್ಲಿ ಹೆಣ್ಣುಮಕ್ಕಳ ಕಿವಿಗೆ ಹಾಕುತ್ತಾ ಬಂದವರು ಯಾರು? ಗಂಡುಮಕ್ಕಳಿಗೆ ಅದೇ ತರಗತಿಯಲ್ಲಿ, ಕೈ ಎತ್ತಬಾರದು ಎಂಬ ಪಾಠ ಹೇಳಲು ಯಾವ ಸಂತನ ಕಥೆ ಸಿಕ್ಕಿತು?

ಸಿಟ್ಟು ಬರುವ ವಿಷಯವೆಂದರೆ, ಧರ್ಮಸಭೆಯ ಸ್ವಂತ ಕಾನೂನು ಇಷ್ಟು ಕಠೋರವಾಗಿಲ್ಲ. 1983ರಲ್ಲಿ ಜಾರಿಗೆ ಬಂದ ಕ್ಯಾನನ್ ಕಾನೂನಿನ 1153ನೆಯ ವಿಧಿ ಓದಿ. ಗಂಡ ಅಥವಾ ಹೆಂಡತಿ ಇನ್ನೊಬ್ಬರ ಇಲ್ಲವೇ ಮಕ್ಕಳ ದೇಹಕ್ಕೆ, ಆತ್ಮಕ್ಕೆ ಗಂಭೀರ ಅಪಾಯ ತಂದರೆ, ಬಾಳ್ವೆಯನ್ನು ಅಸಹನೀಯವಾಗಿಸಿದರೆ, ನೊಂದವರು ಬೇರೆಯಾಗಲು ನ್ಯಾಯವಾದ ಕಾರಣವಿದೆ ಎನ್ನುತ್ತದೆ. ಸಾಮಾನ್ಯವಾಗಿ ಇದಕ್ಕೆ ಬಿಷಪ್ಪರ ಅಪ್ಪಣೆ ಬೇಕು. ಆದರೆ ತಡಮಾಡಿದರೆ ಅಪಾಯ ಎನ್ನುವ ಹಾಗಿದ್ದರೆ ಅಪ್ಪಣೆಗೆ ಕಾಯಬೇಕಾಗಿಯೂ ಇಲ್ಲ, ತನ್ನ ತೀರ್ಮಾನದ ಮೇಲೆಯೇ ಹೊರಡಬಹುದು. ಬೇರೆಯಾದ ಹೆಣ್ಣು ಪಾಪಿಯಲ್ಲ, ಪರಮಪ್ರಸಾದ ಸ್ವೀಕರಿಸಲು ಅವಳಿಗೆ ಅಡ್ಡಿಯಿಲ್ಲ. ಅಮೆರಿಕದ ಕಥೋಲಿಕ ಬಿಷಪ್ಪರು 1992ರಲ್ಲೇ ಹೆಂಡತಿಯರ ಮೇಲಿನ ಹಿಂಸೆಯ ಕುರಿತು ಪ್ರಕಟಣೆ ಹೊರಡಿಸಿ, ಹಿಂಸೆಯ ದಾಂಪತ್ಯದಲ್ಲಿ ಉಳಿಯಬೇಕೆಂದು ಯಾರಿಂದಲೂ ನಿರೀಕ್ಷಿಸುವಂತಿಲ್ಲ ಎಂದರು. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಕುರಿತು ಹೊರಡಿಸಿದ ಬೋಧನೆಯ 241ನೆಯ ಪರಿಚ್ಛೇದದಲ್ಲಿ ಇನ್ನೂ ಮುಂದೆ ಹೋದರು. ದೌರ್ಜನ್ಯದಿಂದ ದುರ್ಬಲರನ್ನು, ಮಕ್ಕಳನ್ನು ಪಾರುಮಾಡಲು ಬೇರ್ಪಡುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಎಂದರು. ಅನುಮತಿ ಎಂದಲ್ಲ, ಅಗತ್ಯ ಎಂದು.

ಹಾಗಿದ್ದರೆ ಇದನ್ನು ನಾವು ಪೀಠದಿಂದ ಕೇಳಿದ್ದು ಎಷ್ಟು ಸಲ? ನಾನು ನಾಲ್ಕು ದಶಕ ಪೂಜೆಗೆ ಹೋಗಿದ್ದೇನೆ. ಕುಟುಂಬ ನಿಯಂತ್ರಣದ ವಿರುದ್ಧ ಪ್ರಸಂಗ ಕೇಳಿದ್ದೇನೆ, ಹುಡುಗಿಯರ ತೋಳಿಲ್ಲದ ರವಿಕೆಯ ಮೇಲೆ ಪ್ರಸಂಗ ಕೇಳಿದ್ದೇನೆ, ಕಟ್ಟಡ ನಿಧಿಯ ಮೇಲಂತೂ ಲೆಕ್ಕವಿಲ್ಲ. 1153 ಎಂಬ ಸಂಖ್ಯೆ ಒಂದು ಸಲವೂ ಕಿವಿಗೆ ಬಿದ್ದಿಲ್ಲ. ಸಂತ ಪೌಲನು ಎಫೆಸದವರಿಗೆ ಬರೆದ ಪತ್ರದಿಂದ, ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಲಿ ಎಂಬ ಅರ್ಥದ ಭಾಗ ಮೂರು ವರ್ಷಕ್ಕೊಮ್ಮೆ ಭಾನುವಾರದ ವಾಚನದಲ್ಲಿ ಬರುತ್ತದೆ. ಆ ಸಾಲುಗಳನ್ನು ಬಿಟ್ಟು, ಗಂಡಂದಿರು ಪ್ರೀತಿಸಬೇಕೆಂಬ ಭಾಗವನ್ನಷ್ಟೇ ಓದಲು ಪೂಜಾ ಪುಸ್ತಕದಲ್ಲೇ ಚಿಕ್ಕ ವಾಚನದ ಅವಕಾಶವಿದೆ. ಅದನ್ನು ಬಳಸುವವರು ಎಷ್ಟು ಮಂದಿ ಎಂದು ಓದುಗರೇ ನೆನಪಿಸಿಕೊಳ್ಳಲಿ.

ಇನ್ನು ವರದಕ್ಷಿಣೆ. ನಮ್ಮಲ್ಲಿ ಅದಿಲ್ಲ, ಅದು ಹಿಂದೂಗಳ ಪಿಡುಗು ಎಂದು ಹೇಳುವ ಕ್ರೈಸ್ತರನ್ನು ಕಂಡರೆ ನಗು ಬರುತ್ತದೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಸ್ತ್ರೀಧನ ಎಂಬ ಹೆಸರಿನಲ್ಲಿ ಅದು ಕಾನೂನಿನೊಳಗೇ ಕೂತಿತ್ತು. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗಳಿಗೆ ತಂದೆಯ ಆಸ್ತಿಯಲ್ಲಿ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಸ್ತ್ರೀಧನ ಕೊಟ್ಟಿದ್ದರೆ, ಕೊಡುತ್ತೇವೆಂದು ಮಾತು ಕೊಟ್ಟಿದ್ದರೂ ಸಾಕು, ಅದೂ ಇಲ್ಲ. ಆ ಸ್ತ್ರೀಧನದಲ್ಲಿ ಒಂದು ಪಾಲು ಚರ್ಚಿಗೆ ಸಲ್ಲುವ ಪದ್ಧತಿಯೂ ಇತ್ತು. ಮೇರಿ ರಾಯ್ ಎಂಬ ಒಬ್ಬ ಹೆಂಗಸು ತನ್ನ ಮನೆಯವರ ವಿರುದ್ಧವೇ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಆ ಕಾಯ್ದೆಯ ಕಥೆ ಮುಗಿಸಿದರು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಸಮಪಾಲು ಅಲ್ಲಿನ ಹೆಣ್ಣುಮಕ್ಕಳಿಗೂ ಸಿಕ್ಕಿತು. ತೀರ್ಪನ್ನು ಸ್ವಾಗತಿಸುವ ಬದಲು, ಕುಟುಂಬಗಳು ಒಡೆಯುತ್ತವೆ ಎಂಬ ಕೂಗು ಚರ್ಚುಗಳೊಳಗಿನಿಂದಲೇ ಎದ್ದಿತು.

ನಮ್ಮ ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಈಗ ಅದು ಬೇರೆ ವೇಷದಲ್ಲಿ ಬರುತ್ತದೆ. ಹಾಲ್ ಖರ್ಚು, ರೋಸ್ ದಿನದ ಊಟ, ಪವನ್ ಲೆಕ್ಕದ ಚಿನ್ನ, ಹುಡುಗ ಗಲ್ಫಿಗೆ ಹೋಗಲು ವೀಸಾ ಹಣ. ಇದೆಲ್ಲ ಮಗಳಿಗೆ ಪ್ರೀತಿಯಿಂದ ಕೊಟ್ಟದ್ದು. ಮದುವೆಗೆ ಮುಂಚೆ ಪೂಜೆಯಲ್ಲಿ ಮೂರು ಸಲ ಹೆಸರು ಓದಿ, ಅಡ್ಡಿಯೇನಾದರೂ ಇದ್ದರೆ ತಿಳಿಸಿ ಎಂದು ಕೇಳುತ್ತಾರೆ. ಕ್ಯಾನನ್ ಕಾನೂನು ಹೇಳುವ ಅಡ್ಡಿಗಳಲ್ಲಿ ರಕ್ತಸಂಬಂಧವಿದೆ, ಅಪಹರಣವಿದೆ, ಮದುವೆಗಾಗಿ ಹಳೆಯ ಸಂಗಾತಿಯನ್ನು ಕೊಂದಿರುವುದೂ ಇದೆ. ಹುಡುಗಿಯ ಅಪ್ಪ ಮನೆ ಅಡವಿಟ್ಟು ಹಣ ಎಣಿಸಿಕೊಟ್ಟಿರುವುದು ಅಡ್ಡಿಯಲ್ಲ. ಹುಡುಗ ಹುಡುಗಿ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ, ನಿನ್ನ ಒಪ್ಪಿಗೆ ಸ್ವತಂತ್ರವೇ ಎಂದು ಗುರುಗಳು ವಿಚಾರಿಸುವ ಒಂದು ಘಟ್ಟವಿದೆ. ಆ ಕೋಣೆಯಲ್ಲೇ, ಹಣ ಎಷ್ಟು ಕೊಟ್ಟಿರಿ, ಯಾರು ಕೇಳಿದರು ಎಂಬ ಎರಡು ಪ್ರಶ್ನೆ ಕೇಳಲು ಯಾವ ವ್ಯಾಟಿಕನ್ ತಡೆದಿದೆ? 1961ರಿಂದ ಈ ದೇಶದಲ್ಲಿ ವರದಕ್ಷಿಣೆ ಕೊಡುವುದೂ ಪಡೆಯುವುದೂ ಅಪರಾಧ. ಅಪರಾಧ ನಡೆದಿದೆ ಎಂದು ಇಡೀ ಊರಿಗೆ ಗೊತ್ತಿರುವ ಮದುವೆಯನ್ನು ಪೀಠದ ಮುಂದೆ ಆಶೀರ್ವದಿಸುತ್ತೇವೆ.

ಮದುವೆ ಮುರಿದ ಮೇಲಿನ ಕಥೆಯೂ ಹೇಳಬೇಕು, ಏಕೆಂದರೆ ಇಲ್ಲಿ ನಮ್ಮ ಹೆಣ್ಣುಮಕ್ಕಳು ತುಂಬ ಮೋಸಹೋಗುತ್ತಾರೆ. 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಾಗಿತ್ತು. ಹೆಂಡತಿ ಮಾತ್ರ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದದ್ದನ್ನೋ ಸಾಬೀತು ಮಾಡಬೇಕಿತ್ತು. ಬರೀ ಹೊಡೆತ, ಅದೆಷ್ಟೇ ಇರಲಿ, ವಿಚ್ಛೇದನಕ್ಕೆ ಕಾರಣವಾಗುತ್ತಿರಲಿಲ್ಲ. ಇದನ್ನು ತಿದ್ದಬೇಕೆಂದು ಕಾನೂನು ಆಯೋಗ 1983ರಲ್ಲಿ ಹೇಳಿತು, ಕೇರಳ ಹೈಕೋರ್ಟ್ 1995ರಲ್ಲಿ ಆ ತಾರತಮ್ಯವನ್ನು ರದ್ದುಮಾಡಿತು, ಕ್ರೈಸ್ತ ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ದೆಹಲಿಗೆ ಅಲೆದವು. ಕೊನೆಗೆ 2001ರಲ್ಲಿ ಸಂಸತ್ತು ತಿದ್ದಿತು. 132 ವರ್ಷ! ಇಂದು ಕ್ರೌರ್ಯವೊಂದೇ ಸಾಕು.

ಆದರೂ ಚರ್ಚಿಗೆ ಹೋದವಳಿಗೆ ಮೊದಲು ತೋರಿಸುವ ದಾರಿ ಧರ್ಮಪ್ರಾಂತ್ಯದ ನ್ಯಾಯಮಂಡಲಿಯದು. ಅದು ಕೊಡುವುದು ವಿಚ್ಛೇದನವಲ್ಲ, ಮದುವೆ ಮೊದಲಿನಿಂದಲೂ ಅಸಿಂಧುವಾಗಿತ್ತು ಎಂಬ ಘೋಷಣೆ. ಚರ್ಚಿನಲ್ಲಿ ಮರುಮದುವೆಗೆ ಅದು ಬೇಕು, ನಿಜ. ಆದರೆ ನ್ಯಾಯಾಲಯದಲ್ಲಿ ಅದಕ್ಕೆ ಬೆಲೆಯಿಲ್ಲ. 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಚರ್ಚಿನ ಘೋಷಣೆಯನ್ನು ನಂಬಿ ಮರುಮದುವೆಯಾದವಳ ಎರಡನೆಯ ಮದುವೆ ಊರ್ಜಿತವಾಗಲಿಲ್ಲ. ಚರ್ಚಿನ ಆದೇಶಕ್ಕೆ ಕಾನೂನಿನ ಮಾನ್ಯತೆ ಕೊಡಬೇಕೆಂದು ಮಂಗಳೂರಿನ ಹಿರಿಯ ವಕೀಲ ಕ್ಲಾರೆನ್ಸ್ ಪಾಯ್ಸ್ ಹೂಡಿದ ಅರ್ಜಿಯನ್ನೂ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಳ್ಳಿಹಾಕಿತು. ಜೀವನಾಂಶ, ಮಕ್ಕಳ ಪಾಲನೆ, ಮನೆಯಲ್ಲಿ ವಾಸದ ಹಕ್ಕು, ಇವ್ಯಾವುದನ್ನೂ ಧರ್ಮಪ್ರಾಂತ್ಯದ ಮಂಡಲಿ ಜಾರಿ ಮಾಡಿಸಲಾರದು. ಇವೆಲ್ಲ ಸಿಗುವುದು ಕೌಟುಂಬಿಕ ನ್ಯಾಯಾಲಯದಲ್ಲಿ ಮತ್ತು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಅಡಿಯಲ್ಲಿ. ಆ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ. ಇದನ್ನು ಅವಳಿಗೆ ಮೊದಲ ದಿನವೇ ಹೇಳಬೇಕಲ್ಲವೇ? ಎರಡು ವರ್ಷ ಮಂಡಲಿಯ ಮುಂದೆ ಅಲೆದ ಮೇಲೆ ಅಲ್ಲ.

ಹೆಂಡತಿಯರ ಗತಿ ಹೀಗಾದರೆ, ಧರ್ಮಸಭೆಗೆ ಬದುಕನ್ನೇ ಕೊಟ್ಟ ಸಿಸ್ಟರುಗಳ ಗತಿ? 2008ರಲ್ಲಿ ಕಂಧಮಾಲ್‌ನಲ್ಲಿ ಗುಂಪೊಂದು ಕನ್ಯಾಸ್ತ್ರೀಯೊಬ್ಬರ ಮೇಲೆ ಅತ್ಯಾಚಾರ ಎಸಗಿದಾಗ ಇಡೀ ಧರ್ಮಸಭೆ ಅವರ ಬೆನ್ನಿಗೆ ನಿಂತಿತು, ನಿಲ್ಲಬೇಕಾದದ್ದೇ. ಹತ್ತು ವರ್ಷದ ನಂತರ, 2018ರ ಜೂನ್‌ನಲ್ಲಿ, ಕೇರಳದ ಕನ್ಯಾಸ್ತ್ರೀಯೊಬ್ಬರು ಜಲಂಧರ್‌ನ ಅಂದಿನ ಬಿಷಪ್ ಫ್ರಾಂಕೊ ಮುಲಕ್ಕಲ್ ವಿರುದ್ಧ ಪೊಲೀಸರಿಗೆ ಅತ್ಯಾಚಾರದ ದೂರು ಕೊಟ್ಟರು. ಪೊಲೀಸರಿಗಿಂತ ಮುಂಚೆ ಅವರು ದೂರಿದ್ದು ಧರ್ಮಸಭೆಯ ಹಿರಿಯರಿಗೇ. ಸೆಪ್ಟೆಂಬರ್‌ನಲ್ಲಿ ಅವರ ಐವರು ಸಂಗಾತಿ ಸಿಸ್ಟರುಗಳು ಕೊಚ್ಚಿಯ ಹೈಕೋರ್ಟ್ ಬಳಿ ಬೀದಿಯಲ್ಲಿ ಕೂತರು, ಆ ತಿಂಗಳ 21ರಂದು ಬಂಧನವಾಯಿತು. ಅಷ್ಟರಲ್ಲಿ ದೂರು ಕೊಟ್ಟವರ ಸ್ವಂತ ಸಂಸ್ಥೆಯೇ ಅವರ ಗುರುತು ಸಿಗುವಂಥ ಫೋಟೋದೊಡನೆ ಪತ್ರಿಕಾ ಪ್ರಕಟಣೆ ಹೊರಡಿಸಿತ್ತು. 2022ರ ಜನವರಿ 14ರಂದು ಕೋಟ್ಟಯಂ ನ್ಯಾಯಾಲಯ ಬಿಷಪ್ಪರನ್ನು ಖುಲಾಸೆ ಮಾಡಿತು, ಅದರ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹೋಯಿತು. ಅವರು 2023ರಲ್ಲಿ ರಾಜೀನಾಮೆ ಕೊಟ್ಟರು. ಆ ಆರೋಪದ ಸತ್ಯಾಸತ್ಯ ಹೇಳುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ನಾನು ನೋಡುತ್ತಿರುವುದು ಧರ್ಮಸಭೆಯ ನಡತೆಯನ್ನು. ಆರೋಪಿ ಹೊರಗಿನವನಾದಾಗ ಸಂತ್ರಸ್ತೆ ನಮ್ಮ ಮಗಳು. ಆರೋಪಿ ಬಿಷಪ್ ಆದಾಗ ಅವಳು ಶಿಸ್ತು ಮೀರಿದವಳು. ಆ ಧರಣಿಗೆ ಬೆಂಬಲ ಕೊಟ್ಟಿದ್ದ ಸಿಸ್ಟರ್ ಲೂಸಿ ಕಳಪ್ಪುರ ಅವರನ್ನು 2019ರಲ್ಲಿ ಅವರ ಸಂಸ್ಥೆ ಹೊರಹಾಕಿತು. ಹೊರಿಸಿದ ತಪ್ಪುಗಳಲ್ಲಿ ಕಾರು ಕೊಂಡದ್ದು, ಕವನ ಸಂಕಲನ ಪ್ರಕಟಿಸಿದ್ದು ಸೇರಿದ್ದವು.

ಮಹಿಳೆಯರ ಬಗ್ಗೆ ನಮ್ಮ ಬಿಷಪ್ಪರು ಏನೂ ಹೇಳಿಲ್ಲ ಎಂದರೆ ಸುಳ್ಳಾಗುತ್ತದೆ. 2008ರಲ್ಲಿ ಜಮ್‌ಷೆಡ್‌ಪುರದಲ್ಲಿ ಭಾರತದ ಬಿಷಪ್ಪರ ಮಹಾಸಭೆ ಸೇರಿದಾಗ ವಿಷಯವೇ ಧರ್ಮಸಭೆ ಮತ್ತು ಸಮಾಜದಲ್ಲಿ ಮಹಿಳೆಯ ಸಬಲೀಕರಣ. 2010ರಲ್ಲಿ ಲಿಂಗ ಸಮಾನತೆಯ ನೀತಿಯೊಂದನ್ನು ಪ್ರಕಟಿಸಿದರು, ಅದರ ಹಿಂದೆ ಮುಂಬೈನ ಆಸ್ಟ್ರಿಡ್ ಲೋಬೊ ಗಜಿವಾಲಾ ಅವರಂಥ ಸಾಮಾನ್ಯ ಸದಸ್ಯೆಯರ ದುಡಿಮೆಯಿತ್ತು. ಒಳ್ಳೆಯ ದಾಖಲೆ. 2017ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ಮಾರ್ಗಸೂಚಿ ಬಂತು. ಇವು ಎಲ್ಲಿವೆ? ನಿಮ್ಮ ಚರ್ಚಿನ ಕಛೇರಿಯಲ್ಲಿ ಕೇಳಿ ನೋಡಿ. ಕಪಾಟಿನಲ್ಲಿದ್ದರೆ ಅದೇ ದೊಡ್ಡದು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಚರ್ಚು ಗುಡಿಸುವುದು, ಪೀಠಕ್ಕೆ ಹೂ ಇಡುವುದು, ಮಕ್ಕಳಿಗೆ ಧರ್ಮೋಪದೇಶ ಹೇಳುವುದು, ಹಾಡುವುದು, ಹಬ್ಬದ ದಿನ ಅಡುಗೆಗೆ ನಿಲ್ಲುವುದು ಹೆಚ್ಚಾಗಿ ಹೆಂಗಸರೇ. ತೀರ್ಮಾನದ ಮೇಜಿಗೆ ಬಂದಾಗ ಮಾತ್ರ ಕುರ್ಚಿ ಸಾಲದು. ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಹೆಂಗಸರಿದ್ದಾರಲ್ಲ ಎನ್ನುತ್ತಾರೆ. ಇದ್ದಾರೆ, ಆದರೆ ಕ್ಯಾನನ್ 536ರ ಪ್ರಕಾರ ಆ ಪರಿಷತ್ತಿಗೆ ಸಲಹೆ ಕೊಡುವ ಅಧಿಕಾರ ಮಾತ್ರ. ವ್ಯಾಟಿಕನ್ನಿನಲ್ಲಿ ಬಾಗಿಲು ಚೂರುಪಾರು ತೆರೆದಿದೆ. 2023ರ ಸಿನೊಡ್ ಸಭೆಯಲ್ಲಿ ಮೊದಲ ಬಾರಿಗೆ ಹೆಂಗಸರು ಮತ ಹಾಕಿದರು, 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಅಲ್ಲಿನ ಇಲಾಖೆಯೊಂದರ ಮೊದಲ ಮಹಿಳಾ ಮುಖ್ಯಸ್ಥೆಯಾದರು. ಆದರೆ 2024ರ ಅಕ್ಟೋಬರ್‌ನಲ್ಲಿ ಅದೇ ಸಿನೊಡಿನ ಅಂತಿಮ ದಾಖಲೆಯಲ್ಲಿ ಅತಿ ಹೆಚ್ಚು ವಿರೋಧದ ಮತ ಬಿದ್ದದ್ದು ಮಹಿಳೆಯರ ಕುರಿತಾದ 60ನೆಯ ಪರಿಚ್ಛೇದಕ್ಕೆ. ಪರವಾಗಿ 258, ವಿರುದ್ಧ 97. ಗುರುಪಟ್ಟದ ಪ್ರಶ್ನೆಯನ್ನು ನಾನಿಲ್ಲಿ ಎತ್ತುತ್ತಿಲ್ಲ, 1994ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಅದನ್ನು ಮುಚ್ಚಿದರು ಎನ್ನುತ್ತಾರೆ, ಅದರ ಚರ್ಚೆ ಇನ್ನೊಮ್ಮೆ ಆಗಲಿ. ಏಟು ತಿಂದವಳ ಮಾತು ಕೇಳಿಸಿಕೊಳ್ಳುವ ಕೋಣೆಯಲ್ಲಿ ಒಬ್ಬ ಹೆಂಗಸು ಕೂರಲು ಗುರುಪಟ್ಟ ಬೇಕಿಲ್ಲ.

ಪುನರುತ್ಥಾನದ ಸುದ್ದಿಯನ್ನು ಮೊದಲು ತಂದವರು ಮಗ್ದಲದ ಮರಿಯ ಮತ್ತು ಅವಳ ಜೊತೆಗಿದ್ದ ಹೆಂಗಸರು. ಪ್ರೇಷಿತರು ಅದನ್ನು ಹುಚ್ಚು ಹರಟೆ ಎಂದುಕೊಂಡರೆಂದು ಲೂಕನ ಶುಭಸಂದೇಶವೇ ಹೇಳುತ್ತದೆ. ಪ್ರತಿ ಈಸ್ಟರ್‌ಗೂ ಇದು ನೆನಪಾಗುತ್ತದೆ.

ನಮ್ಮ ಧರ್ಮಪ್ರಾಂತ್ಯಗಳ ಬಿಷಪ್ಪರಲ್ಲಿ ಕೇಳುವುದಿಷ್ಟು. ಬರುವ ತಪಸ್ಸುಕಾಲದಲ್ಲಿ ಒಂದು ಭಾನುವಾರ ಪ್ರತಿಯೊಂದು ಚರ್ಚಿನಲ್ಲೂ ನಿಮ್ಮ ಸಹಿಯ ಪತ್ರ ಓದಿಸಿ. ಹೆಂಡತಿಯನ್ನು ಹೊಡೆಯುವುದು ಪಾಪ, ಅಪರಾಧವೂ ಹೌದು, ಏಟು ತಿನ್ನುವುದು ಶಿಲುಬೆಯಲ್ಲ, 1153ನೆಯ ವಿಧಿ ಅವಳಿಗೆ ಹೊರಡುವ ಹಕ್ಕು ಕೊಟ್ಟಿದೆ ಎಂದು ಅದರಲ್ಲಿರಲಿ. ಪತ್ರದ ಕೆಳಗೆ ಮಹಿಳಾ ಸಹಾಯವಾಣಿ 181ರ ಸಂಖ್ಯೆಯಿರಲಿ. ಮದುವೆ ತಯಾರಿಯ ಶಿಬಿರಗಳಲ್ಲಿ ಕಾನೂನು ಗೊತ್ತಿರುವ ಹೆಂಗಸರಿಗೆ ಒಂದು ಗಂಟೆ ಕೊಡಿ, ಹುಡುಗರನ್ನು ಆ ಗಂಟೆಯಲ್ಲಿ ಹೊರಗೆ ಕಳಿಸಬೇಡಿ. ಗುರುವಿದ್ಯಾಮಂದಿರದ ಹುಡುಗರು ಪಟ್ಟಕ್ಕೆ ಮುಂಚೆ ಒಂದು ತಿಂಗಳು ಮಹಿಳಾ ಸಾಂತ್ವನ ಕೇಂದ್ರಗಳಲ್ಲಿ ಕೂತು, ಬಾಯಿ ಮುಚ್ಚಿ, ಕೇಳಿಸಿಕೊಂಡು ಬರಲಿ.

ಓದುವ ಗೆಳತಿಯರಲ್ಲಿ ಕಥೋಲಿಕರು ಇದ್ದರೆ, ಅವರು ಬಿಷಪ್ಪರ ಪತ್ರಕ್ಕೆ ಕಾಯಬೇಕಾಗಿಲ್ಲ. ಮುಂದಿನ ಸಲ ಯಾವಳಾದರೂ ಫಾದರ್ ಬಳಿಗೆ ಹೊರಟಾಗ ಜೊತೆಗೆ ಹೋಗಿ. ಚೀಟಿಯೊಂದರಲ್ಲಿ 1153 ಎಂದು ಬರೆದುಕೊಂಡು ಹೋಗಿ ಮೇಜಿನ ಮೇಲಿಡಿ. ಅವರು ಏನು ಹೇಳಿದರು ಎಂದು, ಯಾರ ಹೆಸರನ್ನೂ ಹಾಕದೆ, ನಮಗೆ ಬರೆದು ತಿಳಿಸಿ.